ಕ್ಯಾಂಪಸ್ ಬಹುಮಾನವೋ ಸರ್ಕಾರಿ ಅನುದಾನವೋ: ಕಾಫಿ ಕಣದ ಲೆಕ್ಕದಲ್ಲಿ ಒಂದು ಹೋಲಿಕೆ

ಹೊಸ ಆಲೋಚನೆಗೆ ಆರಂಭಿಕ ಹಣ ಕೊಡುವ ಸ್ಪರ್ಧೆಗಳ ಪ್ರಕಟಣೆಗಳು ಈಗ ಕೊಡಗಿನ ಕಾಲೇಜುಗಳ ಸೂಚನಾ ಫಲಕಗಳಲ್ಲಿಯೂ ಕಾಣಿಸುತ್ತವೆ. ಕೇಂದ್ರ ಮಾನವ ಸಂಪನ್ಮೂಲ ಅಭಿವೃದ್ಧಿ (ಈಗಿನ ಶಿಕ್ಷಣ) ಸಚಿವಾಲಯವು 2018ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಹೊಸ ಆಲೋಚನೆಗಳನ್ನು ಪ್ರೋತ್ಸಾಹಿಸುವ ಇನ್ನೊವೇಶನ್ ಕೌನ್ಸಿಲ್‌ಗಳನ್ನು ರಚಿಸುವ ಕೆಲಸಕ್ಕೆ ಕೈಹಾಕಿದ ಮೇಲೆ ಇಂತಹ ಸ್ಪರ್ಧೆಗಳ ಸಂಖ್ಯೆ ಹೆಚ್ಚಿತು. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ, ಪೊನ್ನಂಪೇಟೆ ಮತ್ತು ಕುಶಾಲನಗರದ ಎಂಜಿನಿಯರಿಂಗ್ ಕಾಲೇಜುಗಳು, ಚಿಕ್ಕ ಅಳುವಾರದ ವಿಶ್ವವಿದ್ಯಾಲಯ, ಹೀಗೆ ಎಲ್ಲಿ ಓದುವವರಾದರೂ ಮೊದಲು ಕೇಳುವುದು ಯಾವುದಕ್ಕೆ ಅರ್ಜಿ ಹಾಕಿದರೆ ಹೆಚ್ಚು ಹಣ ಸಿಗುತ್ತದೆ ಎಂಬುದನ್ನೇ. ಕಾಫಿಯ ತೇವಾಂಶ ಅಳೆಯುವ ಒಂದೇ ಉಪಕರಣವನ್ನು ಹಿಡಿದುಕೊಂಡು ನಾನು ಮತ್ತು ನನ್ನ ಸಹಪಾಠಿ ನಾಲ್ಕು ದಾರಿಗಳಲ್ಲಿ ಪ್ರಯತ್ನಿಸಿದ ಅನುಭವದಿಂದ ಹೇಳುವುದಾದರೆ, ಮೊತ್ತಕ್ಕಿಂತ ಮೊದಲು ನೋಡಬೇಕಾದದ್ದು ಆ ಹಣ ವರ್ಷದ ಯಾವ ತಿಂಗಳಲ್ಲಿ ಕೈಸೇರುತ್ತದೆ ಮತ್ತು ಅದನ್ನು ಯಾವುದಕ್ಕೆ ಖರ್ಚು ಮಾಡಲು ಬಿಡುತ್ತಾರೆ ಎಂಬುದನ್ನು.

ಉಪಕರಣದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ, ಏಕೆಂದರೆ ಈ ಹೋಲಿಕೆಯೆಲ್ಲ ಅದರ ಮೇಲೆ ನಿಂತಿದೆ. ಕಣದಲ್ಲಿ ಹರಡಿದ ರೊಬಸ್ಟಾ ಚೆರ್ರಿ, ಎಂದರೆ ಸಿಪ್ಪೆ ಸಹಿತವಾದ ಕಾಫಿ ಹಣ್ಣು, ಒಣಗಿದೆಯೇ ಇಲ್ಲವೇ ಎಂಬುದನ್ನು ನಮ್ಮ ಕಡೆಯ ಬೆಳೆಗಾರರು ಒಂದು ಹಿಡಿ ಕಾಯಿಯನ್ನು ಕಿವಿಯ ಹತ್ತಿರ ಅಲುಗಿಸಿ, ಸಿಪ್ಪೆಯೊಳಗೆ ಬೀಜ ಗಲಗಲ ಎನ್ನುವುದನ್ನು ಕೇಳಿ ತೀರ್ಮಾನಿಸುತ್ತಾರೆ. ಅನುಭವಸ್ಥರ ಕಿವಿ ಹೆಚ್ಚಾಗಿ ತಪ್ಪುವುದಿಲ್ಲ. ಆದರೆ ವ್ಯಾಪಾರಿಯ ಅಂಗಡಿಯಲ್ಲಿ ಮಾತಾಡುವುದು ಮೀಟರ್. ತೇವಾಂಶ ಹೆಚ್ಚೆಂದು ಅದು ತೋರಿಸಿದರೆ 50 ಕೆ.ಜಿ. ಚೀಲದ ಬೆಲೆಯಲ್ಲಿ ಕಡಿತವಾಗುತ್ತದೆ, ಔಟ್‌ಟರ್ನ್, ಎಂದರೆ ಚೀಲದ ಚೆರ್ರಿಯಿಂದ ಎಷ್ಟು ಬೀಜ ಸಿಗುತ್ತದೆ ಎಂಬ, ಲೆಕ್ಕದ ಚೌಕಾಸಿಯೂ ಅಲ್ಲಿಂದಲೇ ಶುರುವಾಗುತ್ತದೆ. ಬೆಳೆಗಾರನ ಕಣದಲ್ಲಿಯೇ ಇರಬಹುದಾದ ಅಗ್ಗದ ಮೀಟರ್ ಒಂದನ್ನು ಮಾಡುವುದು ನಮ್ಮ ಉದ್ದೇಶವಾಗಿತ್ತು. ಒಂದು ಬಟ್ಟಲಿನೊಳಗೆ ಎರಡು ಲೋಹದ ತಗಡುಗಳನ್ನಿಟ್ಟು, ನಡುವೆ ಕಾಫಿಯನ್ನು ತುಂಬಿ, ಅವುಗಳ ನಡುವಿನ ಕೆಪಾಸಿಟೆನ್ಸ್, ಎಂದರೆ ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ, ಅಳೆಯುವುದು ಇದರ ತತ್ವ. ಈ ಸಾಮರ್ಥ್ಯವನ್ನು ನಡುವಿನ ವಸ್ತು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂದು ಹೇಳುವ ಡೈಎಲೆಕ್ಟ್ರಿಕ್ ಸ್ಥಿರಾಂಕ ನೀರಿಗೆ ಸುಮಾರು 80 ಇದ್ದು, ಒಣ ಬೀಜದ್ದು ಅದರ ಮುಂದೆ ತೀರಾ ಕಡಿಮೆಯಾದ್ದರಿಂದ, ತೇವ ಕೊಂಚ ಹೆಚ್ಚಾದರೂ ಅಂಕಿ ಬದಲಾಗುತ್ತದೆ. ತೊಂದರೆಯೆಂದರೆ, ಬಟ್ಟಲನ್ನು ಮೇಜಿನ ಮೇಲೆ ಎರಡು ಸಲ ಕುಟ್ಟಿದರೆ ಕಾಯಿಗಳು ಒತ್ತೊತ್ತಾಗಿ ಕುಳಿತು, ತೇವಾಂಶ ಹಾಗೆಯೇ ಇದ್ದರೂ ಅಂಕಿ ಏರುತ್ತದೆ. ಇದನ್ನು ಸರಿಪಡಿಸಲು ಬಟ್ಟಲಿನ ಕೆಳಗೆ ತೂಕ ಅಳೆಯುವ ಲೋಡ್ ಸೆಲ್ ಕೂರಿಸಿ, ಪ್ರತಿ ಮಾದರಿಯನ್ನೂ 105 ಡಿಗ್ರಿಯ ಓವನ್‌ನಲ್ಲಿ ಒಣಗಿಸಿ ಬಂದ ತೂಕದೊಂದಿಗೆ ತಾಳೆ ನೋಡಬೇಕಾಗುತ್ತದೆ. ಒಣಗುವ ಎಲ್ಲ ಹಂತಗಳ ಚೆರ್ರಿ ಒಟ್ಟಿಗೆ ಸಿಗುವುದು ಜನವರಿಯಿಂದ ಮಾರ್ಚ್‌ವರೆಗಿನ ಕೊಯ್ಲಿನಲ್ಲಿ ಮಾತ್ರ. ಹೂಮಳೆ ಬಿದ್ದು, ಕಣ ಖಾಲಿಯಾಗಿ, ಜೂನ್‌ನ ಮಳೆ ಹಿಡಿದ ಮೇಲೆ ಬರುವ ಹಣದಿಂದ ನಮ್ಮಂತಹವರು ಮಾಡುವುದೇನೂ ಇಲ್ಲ. ಅದು ಮುಂದಿನ ಜನವರಿಗೆ ಕಾಯಬೇಕು.

ಮೊದಲನೆಯ ದಾರಿ ಕ್ಯಾಂಪಸ್ಸಿನ ಐಡಿಯಾ ಸ್ಪರ್ಧೆ. ನಾವು ಭಾಗವಹಿಸಿದ್ದು ಹೊರಜಿಲ್ಲೆಯ ಒಂದು ವಿಶ್ವವಿದ್ಯಾಲಯದಲ್ಲಿ ನಡೆದ, ಎಲ್ಲ ಕಾಲೇಜುಗಳಿಗೂ ಮುಕ್ತವಾಗಿದ್ದ ಸ್ಪರ್ಧೆಯಲ್ಲಿ. ಎರಡು ಪುಟದ ಸಾರಾಂಶ, ಐದು ನಿಮಿಷದ ಮಂಡನೆ, ಆಮೇಲೆ ತೀರ್ಪುಗಾರರ ಪ್ರಶ್ನೆಗಳು, ಸಂಜೆಯ ಹೊತ್ತಿಗೆ ಫಲಿತಾಂಶ. ಇಷ್ಟು ಕಡಿಮೆ ಕಾಗದಪತ್ರದಲ್ಲಿ ಮುಗಿಯುವ ವ್ಯವಸ್ಥೆ ಬೇರೆಲ್ಲೂ ಇಲ್ಲ. ಆದರೆ ಅಲ್ಲಿ ಅಳೆಯುವುದು ಉಪಕರಣವನ್ನಲ್ಲ, ಮಾತನ್ನು. ಬಟ್ಟಲು ಕುಟ್ಟಿದರೆ ಅಂಕಿ ಏಕೆ ಏರುತ್ತದೆ ಎಂದು ಯಾರೂ ಕೇಳಲಿಲ್ಲ. ಮಾರುಕಟ್ಟೆ ಎಷ್ಟು ಕೋಟಿಯದು, ಐದು ವರ್ಷಕ್ಕೆ ಎಷ್ಟು ಬೆಳೆಯುತ್ತದೆ ಎಂದಷ್ಟೇ ಕೇಳಿದರು. ನಮಗಿಂತ ಮೇಲಿನ ಸ್ಥಾನ ಪಡೆದದ್ದು ಇನ್ನೂ ಮಾದರಿಯೇ ಇಲ್ಲದ ಒಂದು ಮೊಬೈಲ್ ಆ್ಯಪ್, ಮತ್ತು ಅದರ ಸ್ಲೈಡುಗಳು ನಿಜಕ್ಕೂ ಚೆನ್ನಾಗಿದ್ದವು. ಹಾಗಿದ್ದರೂ, ಬ್ಯಾಂಕಿನಿಂದ ನಿವೃತ್ತರಾದ ತೀರ್ಪುಗಾರರೊಬ್ಬರು, ವರ್ಷಕ್ಕೆ ಒಂದೆರಡು ತಿಂಗಳು ಮಾತ್ರ ಬಳಸುವ ಯಂತ್ರವನ್ನು ಸಣ್ಣ ಬೆಳೆಗಾರ ತಾನೊಬ್ಬನೇ ಏಕೆ ಕೊಳ್ಳಬೇಕು ಎಂದು ಕೇಳಿದ ಪ್ರಶ್ನೆ ನಮ್ಮ ಯೋಜನೆಯ ದಿಕ್ಕನ್ನೇ ಬದಲಿಸಿತು. ಮನೆಮನೆಗೆ ಮಾರುವ ಆಲೋಚನೆಯನ್ನು ಬಿಟ್ಟು, ಊರಿನ ಸಹಕಾರ ಸಂಘ ಅಥವಾ ಸ್ವಸಹಾಯ ಗುಂಪು ಒಂದು ಮೀಟರನ್ನು ಇಟ್ಟುಕೊಂಡು ಸದಸ್ಯರಿಗೆ ಸರದಿಯಂತೆ ಕೊಡುವ ಲೆಕ್ಕವನ್ನು ನಾವು ಹಾಕಿದ್ದು ಆಮೇಲೆ.

ಬಹುಮಾನದ ಹಣದ ಕಥೆ ಅಷ್ಟು ಚೆನ್ನಾಗಿಲ್ಲ. ವೇದಿಕೆಯ ಮೇಲೆ ದೊಡ್ಡ ರಟ್ಟಿನ ಚೆಕ್ ಹಿಡಿಸಿ ಫೋಟೊ ತೆಗೆದರು. ಆ ಮೊತ್ತದಲ್ಲಿ ಒಂದು ಭಾಗ ಇನ್‌ಕ್ಯುಬೇಶನ್ ನೆರವು, ಎಂದರೆ ಆ ಕ್ಯಾಂಪಸ್ಸಿನಲ್ಲಿ ಒಂದು ಮೇಜು ಮತ್ತು ಇಂಟರ್ನೆಟ್, ಎಂದು ತಿಳಿದದ್ದು ನಂತರ. ಉಳಿದ ನಗದು ಅನೇಕ ಪತ್ರಗಳನ್ನು ಬರೆದ ಮೇಲೆ ಮಳೆಗಾಲದಲ್ಲಿ ಖಾತೆಗೆ ಬಂತು. ಸ್ಪರ್ಧೆಗೆ ಹೋಗುವವರು ಬಹುಮಾನದಲ್ಲಿ ನಗದು ಎಷ್ಟು, ಯಾವ ತಿಂಗಳೊಳಗೆ ಕೊಡುತ್ತೀರಿ ಎಂದು ಮೊದಲೇ ಲಿಖಿತವಾಗಿ ಕೇಳಿಕೊಳ್ಳುವುದು ಒಳ್ಳೆಯದು. ಇಷ್ಟಾದರೂ ಆ ಹಣಕ್ಕೆ ಬೇರೆ ಯಾವ ಅನುದಾನಕ್ಕೂ ಇಲ್ಲದ ಒಂದು ಗುಣವಿದೆ: ಅದಕ್ಕೆ ಲೆಕ್ಕ ಒಪ್ಪಿಸಬೇಕಾಗಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಸಣ್ಣ ಅಂಗಡಿಯಲ್ಲಿ ಲೋಡ್ ಸೆಲ್ ಕೊಂಡರೆ ಸಿಗುವುದು ಕೈಬರಹದ ಚೀಟಿ. ಸರ್ಕಾರಿ ಅನುದಾನದ ಲೆಕ್ಕಪತ್ರದಲ್ಲಿ ಅದಕ್ಕೆ ಬೆಲೆಯಿಲ್ಲ, ಬಹುಮಾನದ ಹಣಕ್ಕೆ ಅದರ ಗೊಡವೆಯೇ ಇಲ್ಲ.

ಇನ್ನೊಂದು ಎಚ್ಚರಿಕೆಯೂ ಈ ಸ್ಪರ್ಧೆಗಳಿಗೇ ಸೇರಿದ್ದು. ಸಾರ್ವಜನಿಕವಾಗಿ ಬಹಿರಂಗಪಡಿಸಿದ ವಿಷಯಕ್ಕೆ ಆಮೇಲೆ ಪೇಟೆಂಟ್ ಪಡೆಯುವುದು ಕಷ್ಟ, ಮತ್ತು ಸಭಾಂಗಣ ತುಂಬಿದ ಜನರ ಮುಂದೆ ಸರ್ಕ್ಯೂಟ್ ತೋರಿಸುವುದೂ ಬಹಿರಂಗಪಡಿಸುವುದೇ. ವೈಯಕ್ತಿಕ ಅರ್ಜಿದಾರರು ಆನ್‌ಲೈನ್‌ನಲ್ಲಿ ತಾತ್ಕಾಲಿಕ ಪೇಟೆಂಟ್ ಅರ್ಜಿ ಸಲ್ಲಿಸಲು ನಾವು ವಿಚಾರಿಸಿದಾಗ ಇದ್ದ ಶುಲ್ಕ 1,600 ರೂಪಾಯಿ. ಪೂರ್ಣ ವಿವರಣೆಯನ್ನು ಕೊಡಲು ಅಲ್ಲಿಂದ 12 ತಿಂಗಳ ಅವಕಾಶವಿರುತ್ತದೆ. ಮಂಡನೆಯ ಮೊದಲು ಇಷ್ಟನ್ನು ಮುಗಿಸಿಕೊಂಡರೆ ಧೈರ್ಯವಾಗಿ ಮಾತಾಡಬಹುದು.

ಎರಡನೆಯದು ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮ. 1975ರಲ್ಲಿ ಸ್ಥಾಪನೆಯಾದ ಈ ಮಂಡಳಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿದೆ. ಈ ಕಾರ್ಯಕ್ರಮವೂ ನಾಲ್ಕು ದಶಕಗಳಿಗಿಂತ ಹಳೆಯದು. ಮೊತ್ತ ಕೆಲವು ಸಾವಿರ ರೂಪಾಯಿ ಮಾತ್ರ, ಅದೂ ಬರುವುದು ಕಾಲೇಜಿನ ಮೂಲಕ, ಮಾರ್ಗದರ್ಶಕ ಅಧ್ಯಾಪಕರ ಸಹಿಯೊಂದಿಗೆ. ಇದನ್ನು ಉದ್ಯಮದ ಬಂಡವಾಳವೆಂದು ಯಾರೂ ಕರೆಯಲಾರರು. ಆದರೂ ಪದವಿ ವಿದ್ಯಾರ್ಥಿಗಳಿಗೆ ಮೊದಲು ನಾನು ಸೂಚಿಸುವುದು ಇದನ್ನೇ. ಪ್ರಸ್ತಾವನೆಯಲ್ಲಿ ಉದ್ದೇಶ, ವಿಧಾನ, ನಿರೀಕ್ಷಿತ ಫಲಿತಾಂಶ ಎಂದು ಬಿಡಿಸಿ ಬರೆಯಬೇಕಾದ್ದರಿಂದ ನಮ್ಮ ಅಳತೆಯ ಕ್ರಮ ಮೊದಲ ಬಾರಿಗೆ ಕಾಗದದ ಮೇಲೆ ಸ್ಪಷ್ಟವಾಯಿತು. ಅಧಿಕೃತ ಪ್ರಾಜೆಕ್ಟ್ ಆದ ಕಾರಣ ಪ್ರಯೋಗಾಲಯದ ಓವನ್ ಕೊಯ್ಲಿನ ಕಾಲದಲ್ಲಿ ರಾತ್ರಿಯಲ್ಲೂ ನಮಗೆ ದೊರೆಯಿತು. ಹಣ ಯಾವಾಗಲಾದರೂ ಬರಲಿ, ಓವನ್ ಜನವರಿಯಲ್ಲಿ ಸಿಕ್ಕಿತಲ್ಲ ಎಂಬುದೇ ನಮಗೆ ದೊಡ್ಡ ಲಾಭ. ಇದರ ಮಿತಿಯೆಂದರೆ, ಪದವಿ ಮುಗಿದ ದಿನ ಪ್ರಾಜೆಕ್ಟೂ ಮುಗಿಯುತ್ತದೆ. ನಮ್ಮ ಮೊದಲ ಮಾದರಿ ಈಗಲೂ ಕಾಲೇಜಿನ ಪ್ರಯೋಗಾಲಯದ ಕಪಾಟಿನಲ್ಲಿದೆ.

ಮೂರನೆಯ ಮತ್ತು ನಾಲ್ಕನೆಯ ದಾರಿಗಳನ್ನು ಒಟ್ಟಿಗೆ ನೋಡಿದರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನಿಧಿ-ಪ್ರಯಾಸ್ ಯೋಜನೆಯಲ್ಲಿ ಭೌತಿಕ ಉತ್ಪನ್ನದ ಮಾದರಿ ತಯಾರಿಸಲು 10 ಲಕ್ಷ ರೂಪಾಯಿವರೆಗೆ ಅನುದಾನವಿದೆ. ಬರೀ ಸಾಫ್ಟ್‌ವೇರ್ ಇರುವವರಿಗೆ ಇದು ಅಲ್ಲ. ಕಂಪನಿ ನೋಂದಾಯಿಸದ ವ್ಯಕ್ತಿಯೂ ಅರ್ಜಿ ಹಾಕಬಹುದು ಎಂಬುದು ಇದರ ದೊಡ್ಡ ಅನುಕೂಲ. ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯ ರಫ್ತಾರ್ ಕಾರ್ಯಕ್ರಮ ಕೃಷಿಗೆ ಸಂಬಂಧಿಸಿದ ಹೊಸ ಉದ್ಯಮಗಳಿಗೆಂದೇ ಇರುವಂಥದ್ದು. ತರಬೇತಿ, ಮಾರ್ಗದರ್ಶನ ನೀಡುವ ಇದರ ಜ್ಞಾನ ಪಾಲುದಾರ ಸಂಸ್ಥೆಗಳಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಒಂದು. ನಾವು ಅರ್ಜಿ ಹಾಕಿದಾಗಿನ ನಿಯಮದಂತೆ ಎರಡು ತಿಂಗಳ ತರಬೇತಿಗೆ ತಿಂಗಳಿಗೆ 10,000 ರೂಪಾಯಿ ಭತ್ಯೆ, ಆಲೋಚನೆಯ ಹಂತಕ್ಕೆ 5 ಲಕ್ಷದವರೆಗೆ, ಮುಂದಿನ ಹಂತಕ್ಕೆ 25 ಲಕ್ಷದವರೆಗೆ ನೆರವು ಇತ್ತು. ಆಲೋಚನೆಯ ಹಂತದಲ್ಲಿ ಶೇ 10ರಷ್ಟನ್ನು, 25 ಲಕ್ಷದ ಹಂತದಲ್ಲಿ ಶೇ 15ರಷ್ಟನ್ನು ಅರ್ಜಿದಾರನೇ ಹಾಕಬೇಕಿತ್ತು.

ಅಂಕಿಯನ್ನಷ್ಟೇ ನೋಡುವವರು ಪ್ರಯಾಸ್‌ನ 10 ಲಕ್ಷದ ಕಡೆಗೇ ಹೋಗುತ್ತಾರೆ. ನಾವೂ ಹಾಗೆಯೇ ಹೋದೆವು. ಸಂದರ್ಶನದಲ್ಲಿ ಕೇಳಿದ ಪ್ರಶ್ನೆಗಳು ನಾಲ್ಕೂ ಕಡೆಗಳಲ್ಲಿ ಅತ್ಯುತ್ತಮವಾದವು ಎಂದು ಸಂಕೋಚವಿಲ್ಲದೆ ಹೇಳುತ್ತೇನೆ. ಬಟ್ಟಲಿನ ವಿಷಯ, ಉಷ್ಣತೆ ಬದಲಾದಾಗ ಅಂಕಿ ಸರಿಯುವ ವಿಷಯ, ಬಿಡಿಭಾಗಗಳ ಪಟ್ಟಿಯ ಒಂದೊಂದು ಸಾಲು, ಎಲ್ಲವನ್ನೂ ಕೆದಕಿದರು. ಕೊನೆಗೆ ನಿಂತದ್ದು ಒಂದೇ ಪ್ರಶ್ನೆಯ ಮೇಲೆ: ಮಾರುಕಟ್ಟೆಯಲ್ಲಿರುವ ಮೀಟರುಗಳಿಗಿಂತ ನಿಮ್ಮದರಲ್ಲಿ ತಾಂತ್ರಿಕವಾಗಿ ಹೊಸದೇನು? ಬೆಲೆ ಕಡಿಮೆ ಎಂಬುದು ಅದಕ್ಕೆ ತಕ್ಕ ಉತ್ತರವಾಗಿರಲಿಲ್ಲ, ಹಾಗಾಗಿ ನಾವು ಆಯ್ಕೆಯಾಗಲಿಲ್ಲ. ಆ ತೀರ್ಮಾನ ನ್ಯಾಯವಾದದ್ದೇ. ರಫ್ತಾರ್‌ನ ಸಂದರ್ಶನದಲ್ಲಿ ಅದೇ ಕಡಿಮೆ ಬೆಲೆ ನಮ್ಮ ಬಲವಾಯಿತು. ಒಂದು ಚೀಲಕ್ಕೆ ಎಷ್ಟು ಕಡಿತ ಉಳಿಯುತ್ತದೆ, ಎಷ್ಟು ಚೀಲಗಳಿಗೆ ಯಂತ್ರದ ಬೆಲೆ ಮರಳುತ್ತದೆ, ಕರೆಂಟಿಲ್ಲದ ಕಣದಲ್ಲಿ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬ ಪ್ರಶ್ನೆಗಳಿಗೆ ನನ್ನ ಸಹಪಾಠಿಯ ತಂದೆಯವರ ಲೆಕ್ಕದ ಪುಸ್ತಕದಿಂದಲೇ ಉತ್ತರ ಕೊಟ್ಟೆವು. ತರಬೇತಿಗೆ ಆಯ್ಕೆಯಾಯಿತು. ಅದು ಕೊಯ್ಲಿನ ಕಾಲಕ್ಕೇ ಬಿದ್ದಿದ್ದರಿಂದ ಒಬ್ಬರು ತರಗತಿಗೆ, ಒಬ್ಬರು ಕಣಕ್ಕೆ ಎಂದು ಹಂಚಿಕೊಂಡೆವು. ಒಂಟಿಯಾಗಿ ಅರ್ಜಿ ಹಾಕುವವರಿಗೆ ಇದು ಸಾಧ್ಯವಾಗದ ಮಾತು. ನಮ್ಮ ಪಾಲಿನ ಹಣಕ್ಕೆ, ಎಂದರೆ 5 ಲಕ್ಷದ ಯೋಜನೆಯಲ್ಲಿ 50,000 ರೂಪಾಯಿಗೆ, ತಡವಾಗಿ ಬಂದ ಆ ಕ್ಯಾಂಪಸ್ ಬಹುಮಾನವೇ ಮುಕ್ಕಾಲು ಭಾಗ ಒದಗಿತು.

ಅನುದಾನದ ಹಣ ಕಂತುಗಳಲ್ಲಿ ಬರುತ್ತದೆ. ಕೊಟೇಶನ್, ಜಿಎಸ್‌ಟಿ ಬಿಲ್, ಬಳಕೆ ಪ್ರಮಾಣಪತ್ರ ಇವುಗಳಿಲ್ಲದೆ ಮುಂದಿನ ಕಂತು ಕದಲುವುದಿಲ್ಲ. ಆದ್ದರಿಂದ ದುಬಾರಿ ಮತ್ತು ಬಿಲ್ ಸಿಗುವ ವಸ್ತುಗಳನ್ನು ಅನುದಾನದಲ್ಲಿ, ಪದೇ ಪದೇ ಕೆಡುವ ಸಣ್ಣ ಭಾಗಗಳನ್ನು ಮತ್ತು ಬಸ್ ಖರ್ಚನ್ನು ಬಹುಮಾನದ ಹಣದಲ್ಲಿ ನಿಭಾಯಿಸುವುದು ನಾವು ಕಂಡುಕೊಂಡ ಕ್ರಮ.

ಹೊಸ ಉದ್ಯಮಗಳಿಗೆ ಆರಂಭಿಕ ಹಣ ಕೊಡುವ ಕೇಂದ್ರದ ಸ್ಟಾರ್ಟ್‌ಅಪ್ ಇಂಡಿಯಾ ಸೀಡ್ ಫಂಡ್ ಮತ್ತು ರಾಜ್ಯದ ಎಲಿವೇಟ್ ಕಾರ್ಯಕ್ರಮಗಳನ್ನು ನಾವು ಪ್ರಯತ್ನಿಸಿಲ್ಲವಾದ್ದರಿಂದ ಹೆಚ್ಚು ಹೇಳುವುದಿಲ್ಲ. ಎರಡಕ್ಕೂ ನೋಂದಾಯಿತ ಉದ್ಯಮ ಬೇಕು. 2021ರಲ್ಲಿ ಆರಂಭವಾದ ಮೊದಲನೆಯದರ ಆಗಿನ ನಿಯಮದಂತೆ ಮಾದರಿಯ ಹಂತಕ್ಕೆ 20 ಲಕ್ಷದವರೆಗೆ ಅನುದಾನವಿದ್ದು, ಬೇರೆ ಸರ್ಕಾರಿ ಯೋಜನೆಗಳಿಂದ 10 ಲಕ್ಷಕ್ಕಿಂತ ಹೆಚ್ಚು ಪಡೆದವರು ಅದಕ್ಕೆ ಅರ್ಹರಾಗಿರಲಿಲ್ಲ. ಆದರೆ ಸ್ಪರ್ಧೆಗಳ ಬಹುಮಾನದ ಹಣವನ್ನು ಈ ಮಿತಿಯಲ್ಲಿ ಎಣಿಸುತ್ತಿರಲಿಲ್ಲ. ಓದುತ್ತಿರುವಾಗಲೇ ಕಂಪನಿ ತೆರೆದು, ಪ್ರತಿ ವರ್ಷ ಲೆಕ್ಕಪರಿಶೋಧಕರಿಗೆ ಶುಲ್ಕ ಕಟ್ಟುತ್ತ ಕೂರುವುದಕ್ಕಿಂತ ಪದವಿಯ ನಂತರ ಇವುಗಳ ಕಡೆ ನೋಡುವುದು ಲೇಸು.

ಈ ವರ್ಷ ನಮ್ಮ ಕಿರಿಯರ ತಂಡವೊಂದು ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಕರಿಮೆಣಸನ್ನು ಏಣಿ ಹತ್ತದೆ ಕೊಯ್ಯುವ ಸಾಧನವನ್ನು ಹಿಡಿದು ಇದೇ ಪ್ರಶ್ನೆ ಕೇಳುತ್ತಿದೆ. ಅವರ ಸಾಧನದ ಹಿಡಿತದ ಭಾಗ ನಿಜಕ್ಕೂ ಹೊಸದಾಗಿರುವುದರಿಂದ ಅವರಿಗೆ ರಫ್ತಾರ್‌ಗಿಂತ ಪ್ರಯಾಸ್ ಹೆಚ್ಚು ಹೊಂದುತ್ತದೆ ಎಂದು ಹೇಳಿದ್ದೇನೆ. ಮಳೆಗಾಲದಲ್ಲಿಯೇ ತಾತ್ಕಾಲಿಕ ಪೇಟೆಂಟ್ ಅರ್ಜಿ ಮುಗಿಸಿ, ಅಂತಿಮ ವರ್ಷದ ಇಬ್ಬರ ಹೆಸರಿನಲ್ಲಿ ಮಂಡಳಿಯ ಪ್ರಾಜೆಕ್ಟಿಗೆ ಪ್ರಸ್ತಾವನೆ ಕಳುಹಿಸಿ, ದಸರೆಯ ಆಸುಪಾಸಿನಲ್ಲಿ ನಡೆಯುವ ಯಾವುದಾದರೂ ಕ್ಯಾಂಪಸ್ ಸ್ಪರ್ಧೆಯಲ್ಲಿ ಮಂಡಿಸಿದರೆ, ಮೆಣಸು ಹಣ್ಣಾಗುವ ಹೊತ್ತಿಗೆ ಕೈಯಲ್ಲಿ ಒಂದು ಮಾದರಿಯಾದರೂ ಇರುತ್ತದೆ. ಪ್ರಯಾಸ್‌ಗೆ ಅರ್ಜಿ ಹಾಕುವುದು ಆ ಕೊಯ್ಲಿನಲ್ಲಿ ತೆಗೆದ ವೀಡಿಯೊ ಮತ್ತು ಗಂಟೆಗೆ ಎಷ್ಟು ಕಿಲೊ ಕೊಯ್ದರೆಂಬ ಲೆಕ್ಕ ಸಿಕ್ಕ ಮೇಲೆಯೇ ಆಗಲಿ.