ಸ್ಪೆಲ್ ಚೆಸ್: ಮೂರನೆಯ ನಡೆಗೇ ರಾಜ ಉರುಳುವ ಆಟ

ಚೆಸ್ ಡಾಟ್ ಕಾಮ್ ತಾಣದ ವೇರಿಯಂಟ್ಸ್ (ಚೆಸ್ ರೂಪಾಂತರಗಳ) ವಿಭಾಗದಲ್ಲಿರುವ ಸ್ಪೆಲ್ ಚೆಸ್ಸನ್ನು, ಅಂದರೆ ಮಂತ್ರ ಹಾಕಿ ಆಡುವ ಚೆಸ್ಸನ್ನು, ಹೆಸರು ಕೇಳಿಯೇ ಮಕ್ಕಳಾಟವೆಂದು ಬದಿಗಿಡುವುದು ಸುಲಭ. ಆದರೆ ಆರಂಭದ ನಡೆಗಳನ್ನು ಬಾಯಿಪಾಠ ಮಾಡಿಕೊಂಡು ಬಂದ ನನ್ನನ್ನಂತೂ ಇದು ಕಂಗೆಡಿಸಿದಷ್ಟು ಬೇರೆ ಯಾವ ರೂಪಾಂತರವೂ ಕಂಗೆಡಿಸಿಲ್ಲ.

ಕಾಯಿಗಳ ಜೋಡಣೆ ಮಾಮೂಲಿಯದೇ. ಪ್ರತಿಯೊಬ್ಬರಿಗೂ 5 ಫ್ರೀಜ್ ಮತ್ತು 2 ಜಂಪ್ ಮಂತ್ರಗಳಿರುತ್ತವೆ. ಫ್ರೀಜ್ ಹಾಕಿದರೆ ಮೂರು ಮನೆ ಅಗಲ, ಮೂರು ಮನೆ ಉದ್ದದ ಚೌಕದೊಳಗಿನ ಎದುರಾಳಿಯ ಕಾಯಿಗಳು ಮುಂದಿನ ಸರದಿಯಲ್ಲಿ ಅಲುಗಾಡುವಂತಿಲ್ಲ. ಜಂಪ್ ಹಾಕಿದ ಕಾಯಿಯನ್ನು ದಾಟಿ ರಾಣಿ, ಒಂಟೆ, ಆನೆಗಳು ಹೋಗಬಹುದು. ಒಂದು ಮಂತ್ರ ಬಳಸಿದ ಮೇಲೆ ಅದೇ ಬಗೆಯದನ್ನು ಮತ್ತೆ ಹಾಕಲು ಮೂರು ಸರದಿ ಕಾಯಬೇಕು. ಚೆಕ್‌ಮೇಟ್ ಇಲ್ಲ, ರಾಜನನ್ನು ಹೊಡೆದವರು ಗೆದ್ದಂತೆ.

ಇಷ್ಟರಿಂದಲೇ ಹಳೆಯ ಲೆಕ್ಕಾಚಾರವೆಲ್ಲ ತಲೆಕೆಳಗಾಗುತ್ತದೆ. (ಮುಂದೆ ಬರುವ ಇ4, ಇ5 ಮುಂತಾದವು ಮನೆಗಳ ಹೆಸರು: ಅಕ್ಷರ ಉದ್ದಸಾಲನ್ನು, ಅಂಕಿ ಅಡ್ಡಸಾಲನ್ನು ಸೂಚಿಸುತ್ತದೆ; ಕಾಯಿಯ ಹೆಸರಿಲ್ಲದಿದ್ದರೆ ಅದು ಕಾಲಾಳಿನ ನಡೆ.) ಬಿಳಿ ಇ4, ಕಪ್ಪು ಇ5, ಬಿಳಿಯ ರಾಣಿ ಎಚ್5ಕ್ಕೆ: ಹೊಸಬರು ಆಡುವ ಈ ದಾಳಿಗೆ ಕುದುರೆಯನ್ನು ಸಿ6ಕ್ಕೆ ತಂದು ಇ5ರ ಕಾಲಾಳನ್ನು ಕಾಯಬೇಕೆಂದು ಯಾವ ತರಬೇತುದಾರರೂ ಹೇಳಿಕೊಡುತ್ತಾರೆ. ಇಲ್ಲಿ ಫ್ರೀಜ್ ಹಾಕದೆ ಹಾಗೆ ಆಡಿದರೆ, ಬಿಳಿ ಎಫ್7ರ ಕಾಲಾಳಿನ ಮೇಲೆ ಜಂಪ್ ಹಾಕಿ, ಅದರಾಚೆಗಿನ ರಾಜನನ್ನು ಮೂರನೆಯ ನಡೆಗೇ ಹೊಡೆಯುತ್ತದೆ. ಜಿ6 ಆಡಿದರೆ ಆ ಕರ್ಣದಲ್ಲಿ ಎರಡು ಅಡ್ಡಗಳಾದವು, ಸರಿ; ಆದರೆ ರಾಣಿ ಇ5ರ ಕಾಲಾಳನ್ನು ಹೊಡೆದು ಮತ್ತೊಂದು ದಾರಿಯಿಂದ ರಾಜನ ಮೇಲೆ ಬರುತ್ತಾಳೆ, ಅಲ್ಲಿ ಇ7ಕ್ಕೆ ಒಂದೇ ಕಾಯಿ ಅಡ್ಡವಿಟ್ಟರೆ ಸಾಲದು. ಹಾಗಾಗಿ ಇ4ಕ್ಕೆ ಇ5 ಎಂಬ ಉತ್ತರದ ಮೇಲೆಯೇ ನನಗೆ ನಂಬಿಕೆ ಹೋಗಿದೆ. ಮೊದಲೇ ಜಿ6 ಆಡಿ, ರಾಣಿಗೆ ಎಚ್5ರ ಮನೆಯನ್ನು ತಪ್ಪಿಸಿ, ಒಂಟೆ ಬಿ5ಕ್ಕೆ ಬಂದರೆ ಸಿ6ರಿಂದ ತಡೆಯುವುದು ನನ್ನ ಸದ್ಯದ ಆಯ್ಕೆ.

ಬಿಳಿಯ ಒಂಟೆ ಮೂರನೆಯ ನಡೆಗೆ ಬಿ5ಕ್ಕೆ ಬರುವ ರೂಯ್ ಲೋಪೆಜ್ ಆರಂಭದಲ್ಲಿಯೂ ಇದೇ ಕಥೆ. ಬಿ5ರ ಒಂಟೆಗೂ ಕಪ್ಪು ರಾಜನಿಗೂ ನಡುವೆ ಸಿ6ರ ಕುದುರೆ, ಡಿ7ರ ಕಾಲಾಳು ಎರಡೂ ಇರುವವರೆಗೆ ಭಯವಿಲ್ಲ. ಮೊದಲ ವಿಶ್ವ ಚಾಂಪಿಯನ್ ಸ್ಟೈನಿಟ್ಜ್ ಹೆಸರಿನ ರಕ್ಷಣೆಯಂತೆ ಡಿ6 ಆಡಿದ ಕೂಡಲೇ ಕುದುರೆಯೊಂದೇ ಉಳಿಯುತ್ತದೆ. ಅದರ ಮೇಲೆ ಜಂಪ್ ಬಿದ್ದರೆ ನಾಲ್ಕನೆಯ ನಡೆಗೆ ಆಟ ಮುಗಿಯಿತು. ಶತಮಾನದಷ್ಟು ಹಳೆಯ ಗೌರವಾನ್ವಿತ ನಡೆಯೊಂದು ಇಷ್ಟು ಹೀನಾಯವಾಗಿ ಸೋಲುವುದನ್ನು ನೋಡಲು ಸ್ವಲ್ಪ ಮಜವೂ ಇದೆ.

ಫ್ರೀಜ್ ಇದಕ್ಕಿಂತ ಸೂಕ್ಷ್ಮ, ಆಟದ ನಿಜವಾದ ಸೊಗಸಿರುವುದು ಅದರಲ್ಲಿಯೇ. ಇ4, ಇ5ರ ನಂತರ ರಾಣಿ ಎಫ್3ಕ್ಕೆ, ಕಪ್ಪು ಕುದುರೆ ಸಿ6ಕ್ಕೆ ಬಂದಿವೆ ಎನ್ನೋಣ. ಬಿಳಿಯು ಕಪ್ಪು ರಾಜನ ಸುತ್ತ ಫ್ರೀಜ್ ಹಾಕಿ ರಾಣಿಯಿಂದ ಎಫ್7ರ ಕಾಲಾಳನ್ನು ಹೊಡೆದರೆ ಗೆದ್ದಂತೆಯೇ ಕಾಣುತ್ತದೆ, ಏಕೆಂದರೆ ರಾಜ ಅವಳನ್ನು ಮುಟ್ಟುವಂತಿಲ್ಲ. ಆದರೆ ಕಪ್ಪು ತನ್ನ ಫ್ರೀಜನ್ನು ಆ ರಾಣಿಯ ಮೇಲೆಯೇ ಹಾಕಿ, ಜಿ8ರ ಕುದುರೆಯನ್ನು ಎಚ್6ಕ್ಕೆ ತಂದರೆ ಲೆಕ್ಕ ತಿರುಗುತ್ತದೆ: ರಾಣಿ ಅಲ್ಲಾಡುವಂತಿಲ್ಲ, ಬಿಳಿಯ ಫ್ರೀಜ್ ಇನ್ನೂ ಮರಳಿಲ್ಲ, ಒಂಟೆಯನ್ನು ಸಿ4ಕ್ಕೆ ತಂದು ಕಾವಲಿಟ್ಟರೂ ಕುದುರೆ ಅವಳನ್ನು ಹೊಡೆಯುತ್ತದೆ. ಅವಸರದ ದಾಳಿಗೆ ರಾಣಿಯೇ ಬೆಲೆ.

ಕೊರತೆಯೆಂದರೆ, ಜಂಪ್ ಎರಡೇ ಇದ್ದರೂ ಅದರ ಬೆದರಿಕೆ ಆರಂಭದ ದಾರಿಗಳನ್ನು ಅತಿಯಾಗಿ ಕಿರಿದಾಗಿಸುತ್ತದೆ. ಮೊದಲ ಕೆಲವು ನಡೆಗಳಲ್ಲಿ ಜಂಪ್ ನಿಷೇಧಿಸಿದ್ದರೆ ಆಟಕ್ಕೆ ಇನ್ನಷ್ಟು ವೈವಿಧ್ಯ ಬರುತ್ತಿತ್ತೆಂಬುದು ನನ್ನ ಅನಿಸಿಕೆ. ಮಂತ್ರಗಳ ಅರಿವಿಲ್ಲದ ಸಾಮಾನ್ಯ ಚೆಸ್ ಎಂಜಿನ್‌ಗಳು (ನಡೆಗಳನ್ನು ತೂಗುವ ಕಂಪ್ಯೂಟರ್ ಪ್ರೋಗ್ರಾಂಗಳು) ಕೊಡುವ ಅಂಕಗಳು ಇಲ್ಲಿ ಉಪಯೋಗಕ್ಕೆ ಬಾರವು, ಆದ್ದರಿಂದ ಹಲಗೆ ಹಾಕಿಕೊಂಡು ಕೈಯಾರೆ ಪರಿಶೀಲಿಸುವ ತಾಳ್ಮೆ ಬೇಕು. ಚೆಸ್ ಈಗತಾನೇ ಕಲಿಯುತ್ತಿರುವ ಮಕ್ಕಳಿಗೆ ಇದನ್ನು ಕೊಡಬಾರದು. ಚೆಕ್ ತಪ್ಪಿಸಿಕೊಳ್ಳುವ ಅಭ್ಯಾಸವೇ ಕೆಡಬಹುದು. ಹತ್ತಾರು ಆರಂಭಗಳನ್ನು ಬಲ್ಲವರು ಮಾತ್ರ ಮೊದಲು ಕಪ್ಪು ಕಾಯಿಗಳಿಂದ, ನಿಧಾನದ ಸಮಯಮಿತಿಯಲ್ಲಿ ಆಡಿ ನೋಡಲಿ.