ಸಭೆಗೆ ಕೊಟ್ಟ ದುಡ್ಡಿಗೆ ಚೀಟಿ ಕೇಳಿದ್ದೀರಾ?

ಸಭೆ ಅಂದರೆ ನಮ್ಮ ಕ್ರೈಸ್ತರ ಹೊಸ ಪ್ರಾರ್ಥನಾ ಸಭೆ. ಯಾವ ಸಭೆ, ಯಾವ ಪಾಸ್ಟರ್ ಅಂತ ನಾನು ಹೇಳಲ್ಲ. ಅಲ್ಲಿ ಇವತ್ತಿಗೂ ನನಗೆ ಬೇಕಾದವರು ಇದ್ದಾರೆ.

ನಾನು ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು. 15 ಕೆಜಿ ಬಾಕ್ಸ್ ಎಷ್ಟು ಇಳಿಯಿತು, ಎಷ್ಟಕ್ಕೆ ಕೂಗಿದರು, ಕಮಿಷನ್ ಎಷ್ಟು, ಹಮಾಲಿ ಎಷ್ಟು, ಎಲ್ಲಕ್ಕೂ ಚೀಟಿ. ಚೀಟಿ ನೋಡದೆ ಯಾವ ರೈತನೂ ದುಡ್ಡು ಎಣಿಸಲ್ಲ. ಅಂಥಾ ನಾನು ಆರು ವರ್ಷ ಒಂದು ಚೀಟಿಯೂ ಇಲ್ಲದೆ ದುಡ್ಡು ಕೊಟ್ಟಿದ್ದೇನೆ.

ನಮ್ಮದು ಹಳೇ ಮಿಷನ್ ಚರ್ಚ್. ಅಜ್ಜಿ ಕೋಲಾರದ ಮಿಷನ್ ಆಸ್ಪತ್ರೆ ಇಟಿಸಿಎಂನಲ್ಲಿ ಆಯಾ ಆಗಿದ್ದವರು. 2017ರಲ್ಲಿ ಮಗನಿಗೆ ಡೆಂಗ್ಯೂ ಬಂತು. ಹಳೇ ಚರ್ಚಿನಿಂದ ಅಯ್ಯನವರು, ಅಂದರೆ ಪಾದ್ರಿ, ಒಂದು ಸಲ ಬಂದು ಪ್ರಾರ್ಥನೆ ಮಾಡಿ ಹೋದರು. ಪಕ್ಕದ ಮನೆ ಅಕ್ಕ ಹೋಗುತ್ತಿದ್ದ ಹೊಸ ಸಭೆಯವರು ಒಂಬತ್ತು ದಿನ ಆಸ್ಪತ್ರೆಗೆ ಅನ್ನ, ಸಾರು ತಂದುಕೊಟ್ಟರು. ರಾತ್ರಿ ನಮ್ಮ ಜೊತೆ ವರಾಂಡದಲ್ಲಿ ಮಲಗಿದರು. ಮಗ ಹುಷಾರಾಗಿ ಮನೆಗೆ ಬಂದ ಮುಂದಿನ ಭಾನುವಾರ ನಾವು ಅಲ್ಲಿದ್ದೆವು. ಅಂಗಡಿ ಮೇಲಿನ ಹಾಲ್, ಪ್ಲಾಸ್ಟಿಕ್ ಕುರ್ಚಿ, ಅರ್ಧ ಹಾಡು ತೆಲುಗು, ಅರ್ಧ ಕನ್ನಡ. ನಮ್ಮ ಕಡೆ ಹಂಗೇ ಅಲ್ವಾ. ಅಮ್ಮ ಮಾತ್ರ ಬರಲಿಲ್ಲ. "ನಾನು ಇಲ್ಲೇ ಹುಟ್ಟಿದೋಳು, ಇಲ್ಲೇ ಮಣ್ಣಿಗೆ ಹೋಗ್ತೀನಿ" ಅಂದುಬಿಟ್ಟರು.

ಮೊದಲು ದಶಮಾಂಶ, ಅಂದರೆ ಸಂಪಾದನೆಯ ಹತ್ತರಲ್ಲೊಂದು ಪಾಲು. ಅದಕ್ಕೆ ಬೇಸರವಿರಲಿಲ್ಲ. 2023ರ ಜುಲೈನಲ್ಲಿ ಟೊಮೆಟೊ ಬಾಕ್ಸ್ 2000 ರೂಪಾಯಿ ದಾಟಿತು ನೋಡಿ, ಆಗ ಮಂಡಿಯವರೆಲ್ಲ ಲಕ್ಷಾಧಿಪತಿಗಳು ಅಂತ ಪಾಸ್ಟರ್‌ಗೆ ಅನ್ನಿಸಿರಬೇಕು. ಬಂದಿದ್ದು ಬೆಳೆದವರಿಗೆ. ಗುಮಾಸ್ತನಿಗೆ ಅದೇ ಸಂಬಳ. ಆದರೂ ಸಭೆಗೆ ಜಾಗ ಕೊಳ್ಳೋಕೆ ಅಂತ ಹೆಂಡತಿ ಎರಡು ಬಳೆ ಅಡವಿಟ್ಟು ಕವರಲ್ಲಿ ಹಾಕಿದಳು. ಕೊಟ್ಟದ್ದನ್ನು ಎಲ್ಲರ ಮುಂದೆ ಸಾಕ್ಷಿ ಹೇಳು ಅಂದರು. ಮೈಕ್ ಹಿಡಿದು ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಜಾಗ ಅಳೆಯೋ ದಿನ ಟೇಪಿನ ಇನ್ನೊಂದು ತುದಿ ಹಿಡಿದವನೇ ನಾನು. ಹಾಗಾಗಿ ಸರ್ವೆ ನಂಬರ್ ತಲೆಯಲ್ಲಿತ್ತು. ನೋಂದಣಿ ಯಾರ ಹೆಸರಿಗೆ ಅಂತ ಎರಡು ಸಲ ಕೇಳಿದೆ. "ದೇವರ ಹೆಸರಿಗೆ ಬ್ರದರ್" ಅಂದರು. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಇಸಿ, ಅಂದರೆ ಆ ಜಾಗದ ಋಣಭಾರ ಪತ್ರ, ತೆಗೆಸಿದೆ. ಜಾಗ ಇದ್ದದ್ದು ಪಾಸ್ಟರ್ ಹೆಂಡತಿ ಹೆಸರಿಗೆ.

ಆ ಕಾಗದ ತೋರಿಸಿ ಕೇಳಿದ್ದಕ್ಕೆ ಮುಂದಿನ ಭಾನುವಾರ ಪ್ರಸಂಗ ನನ್ನ ಮೇಲೆಯೇ. ನನ್ನ ಅಭಿಷಿಕ್ತರನ್ನು, ಅಂದರೆ ದೇವರು ಆರಿಸಿಕೊಂಡವರನ್ನು, ಮುಟ್ಟಬೇಡಿ, ಬೈಬಲಿನ ಕೀರ್ತನೆ 105. ಮನೆಗೆ ಬಂದು ಆ ಕೀರ್ತನೆ ಮೇಲಿನಿಂದ ಓದಿದೆ. ಅಲ್ಲಿ ದೇವರು ಗದರಿಸುವುದು ಅರಸರನ್ನು. ಮುಟ್ಟಬೇಡಿ ಅನ್ನುವುದು ನೆಲೆ ಇಲ್ಲದೆ ಊರೂರು ಅಲೆಯುತ್ತಿದ್ದ ಸ್ವಲ್ಪ ಜನರನ್ನು. ಅಂದರೆ ಮೈಕ್ ಹಿಡಿದವರ ಕಡೆಗಲ್ಲ, ಬಳೆ ಕೊಟ್ಟವಳ ಕಡೆಗೆ ನಿಲ್ಲೋ ಮಾತು ಅದು. ಇನ್ನೊಂದು, ಬೈಬಲಿನಲ್ಲಿ ಪೌಲ ಬರೆದ ಪತ್ರ, 2 ಕೊರಿಂಥ 8 ನೋಡಿ. ಯೆರೂಸಲೇಮಿನ ಬಡವರಿಗೆ ಎತ್ತಿದ ದುಡ್ಡನ್ನು ಪೌಲ ತಾನೊಬ್ಬನೇ ಮುಟ್ಟಲ್ಲ. ಯಾರೂ ಬೆರಳು ತೋರಿಸಬಾರದು ಅಂತ ತನ್ನ ಜೊತೆಗಾರ ತೀತನ ಜೊತೆಗೆ ಸಭೆಗಳು ಆರಿಸಿದ ಇನ್ನೊಬ್ಬನನ್ನೂ ಕಳಿಸುತ್ತಾನೆ. ಪೌಲನಿಗೆ ಇದ್ದ ಭಯ ಇವರಿಗಿಲ್ಲ!

ಇಷ್ಟೆಲ್ಲ ಗೊತ್ತಾದ ಮೇಲೂ ಎಂಟು ತಿಂಗಳು ಅಲ್ಲೇ ಇದ್ದೆವು. ಯಾರಾದರೂ "ಸುಮ್ನೆ ಬಿಟ್ಟು ಬಾ" ಅಂದರೆ ನನಗೆ ಕೋಪ ಬರುತ್ತದೆ. ಬಿಡೋದು ಹಾಲನ್ನಲ್ಲ. ಶುಕ್ರವಾರ ಹೆಂಡತಿ ಜೊತೆ ಕೂತು ಅಳುವ ಅಕ್ಕಂದಿರನ್ನು ಬಿಡಬೇಕು. ಸಂಡೇ ಸ್ಕೂಲಿನಲ್ಲಿ ಮಗಳ ಜೊತೆ ದೇವದೂತರ ರೆಕ್ಕೆ ಕಟ್ಟಿಕೊಂಡ ಮಕ್ಕಳನ್ನು ಬಿಡಬೇಕು. ಮೇಲಿಂದ, ಸಭೆ ಬಿಟ್ಟ ಮನೆಗೆ ಹೊಡೆತ ಬೀಳುತ್ತೆ ಅಂತ ಒಂದು ಪ್ರವಾದನೆ ಬೇರೆ. ನಂಬಲಿಲ್ಲ ಅಂದರೆ ಸುಳ್ಳಾಗುತ್ತದೆ. ಮಗನಿಗೆ ಮೈ ಬಿಸಿಯಾದಾಗಲೆಲ್ಲ ಅದೇ ನೆನಪಾಗುತ್ತಿತ್ತು.

ಆಮೇಲೆ ಅಮ್ಮ ಹೋದರು. ಪಾಸ್ಟರ್‌ಗೆ ಫೋನ್ ಮಾಡಿದೆ. "ಪ್ರಾರ್ಥನೆಗೆ ಬರ್ತೀನಿ, ಜಾಗ ನೀವೇ ನೋಡ್ಕೊಳ್ಳಿ ಬ್ರದರ್" ಅಂದರು. ಆ ಸಭೆಗೆ ಸಮಾಧಿ ಜಾಗವೇ ಇರಲಿಲ್ಲ. ಏಳು ವರ್ಷದಲ್ಲಿ ಒಂದು ದಿನವೂ ನಾನು ಕೇಳಿರಲಿಲ್ಲ! ಅಮ್ಮನ ಬಿಸ್ಕತ್ತು ಡಬ್ಬಿ ತೆಗೆದರೆ ಹಳೇ ಚರ್ಚಿನ ವಂತಿಗೆ ರಸೀದಿಗಳು, ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದರು. ತಿಂಗಳಿಗೆ 50 ರೂಪಾಯಿ. ಕೊನೇ ತಿಂಗಳದ್ದೂ ಇತ್ತು. ಅಯ್ಯನವರು ನನ್ನನ್ನು ಒಂದು ಮಾತು ಕೇಳದೆ ಬಂದು ಮಣ್ಣು ಮಾಡಿಸಿದರು.

ಹೊಸ ಸಭೆಗೆ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯವು ಬೇಕಾದಷ್ಟಿವೆ. ಆದರೆ ಹಳೇ ಚರ್ಚಿನ ಸದಸ್ಯತ್ವ ಅವಸರದಲ್ಲಿ ಕಳೆದುಕೊಳ್ಳಬೇಡಿ. ಜಾಗಕ್ಕೆ ದುಡ್ಡು ಕೊಡೋ ಮುಂಚೆ ಆ ಸಭೆ ಸೊಸೈಟಿಯೋ ಟ್ರಸ್ಟೋ ಕೇಳಿ, ಕ್ರಯಪತ್ರ ಯಾರ ಹೆಸರಿಗೆ ಅಂತ ಕಣ್ಣಾರೆ ನೋಡಿ. 1960ರ ಕರ್ನಾಟಕ ಕಾಯ್ದೆ ಪ್ರಕಾರ ನೋಂದಣಿಯಾದ ಸೊಸೈಟಿ ವರ್ಷಾವರ್ಷ ಸರ್ವಸದಸ್ಯರ ಸಭೆ ಕರೆಯಬೇಕು, ರಿಜಿಸ್ಟ್ರಾರ್‌ಗೆ ಲೆಕ್ಕ ಕೊಡಬೇಕು. ಮನೆಯಲ್ಲಿ ಮದುವೆ ಇದ್ದರೆ ಪಾಸ್ಟರ್‌ಗೆ 1872ರ ಕ್ರೈಸ್ತ ವಿವಾಹ ಕಾಯ್ದೆ ಪ್ರಕಾರ ಮದುವೆ ಮಾಡಿಸೋ ಅಧಿಕಾರ ಇದೆಯಾ ಅಂತ ಮೊದಲೇ ಕೇಳಿಬಿಡಿ. ಕೇಳಿದ್ದಕ್ಕೆ ಕಾಗದ ತೋರಿಸಿದರೆ ಸರಿ. ಬೈಬಲ್ ವಚನ ತೋರಿಸಿದರೆ ಚಪ್ಪಲಿ ಹಾಕಿಕೊಳ್ಳಿ.

ಈಗ ಹಳೇ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂರುತ್ತೇವೆ. ಪ್ರಸಂಗಕ್ಕೆ ನಿದ್ದೆ ಬರುತ್ತದೆ, ನಿಜ. ಕಮಿಟಿ ಜಗಳವೂ ಇದೆ. ನೋಟಿಸ್ ಬೋರ್ಡಿನಲ್ಲಿ ವರ್ಷದ ಲೆಕ್ಕ ಅಂಟಿಸುತ್ತಾರೆ, ಪೊರಕೆ, ಮೇಣದಬತ್ತಿ ಸಮೇತ. ಅದನ್ನು ಕೂಡಿಸಿ ನೋಡೋದು ನನ್ನ ಚಾಳಿ. ಹೆಂಡತಿಗೆ ಆ ಅಕ್ಕಂದಿರ ಫೋನ್ ಬರುತ್ತದೆ, ನಾನು ಬೇಡ ಅನ್ನಲ್ಲ. ಮಗ ಮಲಗಿದ್ದಾಗ ಅನ್ನ ತಂದವರು ಅವರೇ.

ಬಳೆ ಇನ್ನೂ ಬ್ಯಾಂಕಿನಲ್ಲೇ ಇದೆ. ಮಾರ್ಚ್ ಒಳಗೆ ಬಿಡಿಸಿಕೊಳ್ಳಬೇಕು.