ದೊಡ್ಡವರಿಗೆ ಮಂಗನಬಾವು ಬಂದರೆ ಕೆನ್ನೆ ನೋಡುತ್ತಾ ಕೂರಬೇಡಿ

ಮೊದಲು ಬಂದಿದ್ದು ಮಗಳಿಗೆ. ಒಂದು ಕೆನ್ನೆ ಊದಿ ವಾರದಲ್ಲಿ ಇಳಿಯಿತು. ಎರಡೂವರೆ ವಾರ ಕಳೆದು ನಮ್ಮ ಮನೆಯವರಿಗೆ ಕಿವಿ ಕೆಳಗೆ ನೋವು ಶುರುವಾಯಿತು. ವಯಸ್ಸು 38. ನಮ್ಮದು ಸಕಲೇಶಪುರದ ಹತ್ತಿರದ ಊರು, ಕಾಫಿ ಕುಯ್ಲಿನ ಸಮಯ, ತೋಟ ಬಿಟ್ಟು ಕೂರೋ ಹಾಗಿರಲಿಲ್ಲ. ಕ್ಲಿನಿಕ್‌ನಲ್ಲಿ "ಮಂಗನಬಾವು, ತಾನಾಗೇ ಹೋಗುತ್ತೆ" ಅಂತ ಜ್ವರದ ಮಾತ್ರೆ ಕೊಟ್ಟರು. ಅತ್ತೆ ತಮ್ಮ ಚಿನ್ನದ ಸರ ತೆಗೆದು ಮಗನ ಕೊರಳಿಗೆ ಹಾಕಿದರು.

ಮೂರನೇ ದಿನ ಬಾವು ಎರಡೂ ಕಡೆಯಿಂದ ಗದ್ದದ ಕೆಳಗೆ ಇಳಿದು ಕತ್ತು ತುಂಬಿತು. ಸರ ಚರ್ಮಕ್ಕೆ ಒತ್ತುತ್ತಿತ್ತು, ಬಿಚ್ಚಿ ತೆಗೆದೆ. ಎದೆಯ ಮೇಲ್ಭಾಗವೂ ಊದಿತ್ತು. ಕೆನ್ನೆ ಇನ್ನೂ ಊದಲಿಲ್ಲವಲ್ಲ ಅಂತ ನಾವು ಸಮಾಧಾನಪಟ್ಟುಕೊಂಡೆವು. ತಪ್ಪಿದ್ದು ಅಲ್ಲೇ. ಸಂಜೆಗೆ ಬಾಯಿ ತುಂಬ ಅನ್ನ ಇಟ್ಟುಕೊಂಡು ಮಾತಾಡಿದ ಹಾಗೆ ದನಿ. ಎಂಜಲು ನುಂಗಲಾಗದೆ ಟವಲ್‌ಗೆ ಒರೆಸಿಕೊಳ್ಳುತ್ತಿದ್ದರು. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತೆ ಅಂತ ಎದ್ದು ಕೂತರು. ಉಸಿರು ಎಳೆದುಕೊಂಡಾಗಲೆಲ್ಲ ಗಂಟಲಲ್ಲಿ ಸೀಟಿಯಂಥ ಸದ್ದು.

ಹಾಸನಕ್ಕೆ ಸುಮಾರು 40 ಕಿಲೋಮೀಟರ್, ಕಾರಲ್ಲಿ ಮುಂದಕ್ಕೆ ಬಾಗಿ ಕೂತೇ ಬಂದರು. ಗಂಟಲಿನ ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಧ್ವನಿಪೆಟ್ಟಿಗೆಯ ಮೇಲ್ಭಾಗ ಊದಿ ಉಸಿರಿನ ದಾರಿ ಕಿರಿದಾಗಿತ್ತು. ದವಡೆ ಕೆಳಗಿನ ಜೊಲ್ಲು ಗ್ರಂಥಿಗಳು ಊದಿ ಒತ್ತಿದಾಗ ದುಗ್ಧರಸ (ಮೈಯೊಳಗೆ ಸಣ್ಣ ನಾಳಗಳಲ್ಲಿ ಹರಿಯುವ ನೀರಿನಂಥ ದ್ರವ) ಹರಿಯಲು ಜಾಗವಿಲ್ಲದೆ ಗಂಟಲಲ್ಲೂ ಎದೆಯ ಮೇಲೂ ನೀರು ನಿಲ್ಲುತ್ತಂತೆ. ಅಪರೂಪವಂತೆ, ಆದರೆ ಪ್ರಾಣಕ್ಕೇ ಬರುವಂಥದ್ದು. ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು ಐಸಿಯುನಲ್ಲಿ ಇಟ್ಟರು. ಅದಕ್ಕೂ ಇಳಿಯದಿದ್ದರೆ ಕತ್ತಿನಲ್ಲಿ ತೂತು ಮಾಡಿ ನಳಿಕೆ ಹಾಕಬೇಕು ಅಂತ ನನ್ನ ಸಹಿ ತಗೊಂಡರು. ಬೆಳಗಿನ ಜಾವ ಆ ಸೀಟಿ ಸದ್ದು ನಿಂತಿತು. ನಳಿಕೆ ಬೇಕಾಗಲಿಲ್ಲ.

ದಯವಿಟ್ಟು ಕೇಳಿ. ಬಾವು ಗದ್ದದ ಕೆಳಗೆ ಇಳಿದು ದನಿ ಬದಲಾಯಿತು, ಎಂಜಲು ನುಂಗಲು ಆಗುತ್ತಿಲ್ಲ ಅಂದರೆ ಸೀಟಿ ಸದ್ದು ಬರುವ ತನಕ ಕಾಯಬೇಡಿ. ಬಲವಂತವಾಗಿ ಮಲಗಿಸಬೇಡಿ, ಕೂರಿಸಿಕೊಂಡೇ ಐಸಿಯು ಇರುವ ಆಸ್ಪತ್ರೆಗೆ ಹೋಗಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಮಗಳಿಗೆ ಲಸಿಕೆ ಎಲ್ಲ ಹಾಕಿಸಿದ್ದೇವೆ ಅಂದುಕೊಂಡಿದ್ದೆ. ಸರ್ಕಾರಿ ಎಂಆರ್ ಲಸಿಕೆ ದಡಾರ, ರುಬೆಲ್ಲಾಗೆ ಮಾತ್ರ. ಮಂಗನಬಾವಿಗೆ ಎಂಎಂಆರ್ ಕೇಳಿ ಹಾಕಿಸಬೇಕು.

ಬಾವು ಕಾಣುವ ಎರಡು ದಿನ ಮೊದಲಿಂದ, ಕಂಡು ಐದು ದಿನದವರೆಗೂ ಇದು ಹರಡುತ್ತೆ. ಆ ದಿನಗಳಲ್ಲೇ ಇವರು ಕುಯ್ಲಿನವರ ಜೊತೆ ತೋಟದಲ್ಲಿದ್ದರು. ಆ ಕೆಲಸದವರಿರುವ ಲೈನ್ ಮನೆಗಳಿಗೆ ಹೋಗಿ ಒಬ್ಬೊಬ್ಬರಿಗೂ ಈ ಲಕ್ಷಣ ಹೇಳಿ, ನನ್ನ ಫೋನ್ ನಂಬರ್ ಕೊಟ್ಟು ಬಂದಿದ್ದೇನೆ.